ಸೀಟು ಕೇಳಲು ಕಲ್ಲಿನ ಮೇಲೆ ಕೂತದ್ದು

ದುಂಡಗಿನ ಕಲ್ಲು ಕಂಡರೆ ನನಗೆ ಈಗಲೂ ಅಂಜಿಕೆ. ಕೋಲಾರದ ಸೀಮೆಯಲ್ಲಿ ಹುಟ್ಟಿದವನಿಗೆ ಬರಬಾರದ ರೋಗ ಇದು. ನಮ್ಮಲ್ಲಿ ಬೆಟ್ಟದ ಮೇಲೆ ಕಲ್ಲು, ಹೊಲದ ಬದುವಿನಲ್ಲಿ ಕಲ್ಲು, ರಾಗಿ ಸರಿಯಾಗಿ ಕೇರದಿದ್ದರೆ ಮುದ್ದೆಯಲ್ಲೂ ಕಲ್ಲು. ಸಂಜೆ ತಿರುಗಾಡಲು ಹೋದಾಗ ಗೆಳೆಯರೆಲ್ಲ ಬಂಡೆಗಳ ಮೇಲೆ ಕೂತು ಹರಟುತ್ತಾರೆ, ನಾನೊಬ್ಬ ನಿಂತೇ ಇರುತ್ತೇನೆ. ಮೂಲವ್ಯಾಧಿ ಇರಬೇಕೆಂದು ಅವರು ತೀರ್ಮಾನಿಸಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ನಿಜವಾದ ಕಾರಣ ಹೇಳಿದರೆ ಅದಕ್ಕಿಂತ ಕೆಟ್ಟ ಹೆಸರು ಬಂದೀತು. ನಿಮಗೆ ಮಾತ್ರ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮುಳಬಾಗಿಲಿನ ಹತ್ತಿರ ಅಜ್ಜಿಯ ಮನೆಯಲ್ಲಿದ್ದುಕೊಂಡು ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸೋದರಮಾವ ಮುನಿಯಪ್ಪನ ಮಗಳು ರತ್ನ ನನ್ನ ಜೊತೆಯವಳು, ಅದೇ ಬಸ್ಸು, ಅದೇ ತರಗತಿ. ಪಿಯುಸಿ ಮುಗಿಸಿ ಇಬ್ಬರೂ ಬೆಂಗಳೂರಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆವು. ಕೃಷಿ ವಿಜ್ಞಾನ ಓದುವ ಸೀಟು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಅದರ ಹೆಸರನ್ನು ನಾನು ಇಂದಿಗೂ ಎತ್ತುವುದಿಲ್ಲ. ಸೀಟು ಬಯಸುವವರು ಜಾತ್ರೆಯಷ್ಟು, ಸಿಗುವವರು ಬೆರಳೆಣಿಕೆಯಷ್ಟು ಎಂದಷ್ಟೇ ತಿಳಿದರೆ ಸಾಕು.

ನನಗೆ ಸೀಟು ಸಿಗುತ್ತದೆಯೋ ಇಲ್ಲವೋ ಎಂದು ಅಳೆಯುವುದು ಆ ಬೇಸಿಗೆಯಲ್ಲಿ ಊರಿಗೆ ಊರೇ ಕೈಗೊಂಡ ಕೆಲಸವಾಯಿತು. ಬಸ್ಸಿನ ಕಂಡಕ್ಟರು ನನ್ನ ಮಾರ್ಕ್ಸ್ ಕೇಳಿ, ಟಿಕೆಟ್ ಹರಿಯುತ್ತ, ‘ಕಷ್ಟ’ ಎಂದ. ಹೋಟೆಲಿನವರು ಮಾರ್ಕ್ಸ್ ಕೇಳದೆ ಬರೀ ಮುಖ ನೋಡಿ ‘ಸಿಗಬಹುದು’ ಎಂದರು. ನಾನು ಅವರಲ್ಲೇ ಕಾಫಿ ಕುಡಿಯುವುದನ್ನು ರೂಢಿ ಮಾಡಿಕೊಂಡೆ. ಪಂಚಾಂಗದ ಹಲ್ಲಿ ಶಕುನವನ್ನೂ ಬಿಡಲಿಲ್ಲ. ಮೈಯ ಯಾವ ಭಾಗದ ಮೇಲೆ ಬಿದ್ದರೆ ಧನಲಾಭ, ಎಲ್ಲಿ ಬಿದ್ದರೆ ಕಲಹ ಎಂದೆಲ್ಲ ಹಿರಿಯರು ವಿವರವಾಗಿ ಹೇಳಿಟ್ಟಿದ್ದಾರೆ. ಕಾಲೇಜಿನ ಸೀಟನ್ನು ಮಾತ್ರ ಯಾವ ಅಂಗಕ್ಕೂ ಹಂಚಿಲ್ಲ. ಹಲ್ಲಿಯೂ ಬೀಳಲಿಲ್ಲ.

ವಿಚಿತ್ರವೆಂದರೆ ರತ್ನಳ ಮಾರ್ಕ್ಸ್ ನನ್ನದಕ್ಕಿಂತ ಎಷ್ಟೋ ಹೆಚ್ಚಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ. ಮಾವನನ್ನು ಕಂಡಾಗ, “ಕಳಿಸ್ತೀಯೇನಪ್ಪಾ?” ಎಂದಷ್ಟೇ ಕೇಳುತ್ತಿದ್ದರು. ಮಾವ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವನು. “ಸೊಪ್ಪು ಕೊಯ್ಯೋದನ್ನ ಕಲಿಯೋಕೆ ಬೆಂಗಳೂರ್ಗೆ ಹೋಗ್ಬೇಕಾ? ಮನೇಲೇ ಕಲ್ತವಳೆ,” ಎಂದು ನಗುತ್ತಿದ್ದ. ಶ್ರೀನಿವಾಸಪುರದ ಕಡೆಯಿಂದ ಅವಳಿಗೆ ಒಂದು ಸಂಬಂಧವೂ ಬಂದಿತ್ತು. ಆ ನಗು ಕೇಳಿದಾಗಲೆಲ್ಲ ರತ್ನ ಎದ್ದು ಹುಳುಮನೆಗೆ ಹೋಗುತ್ತಿದ್ದಳು. ಅಲ್ಲಿ ತಟ್ಟೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಮಾತ್ರ ಕೇಳುತ್ತಿತ್ತು. ಬಾಗಿಲಲ್ಲಿ ನಿಂತರೆ ಯಾರೋ ನಮ್ಮ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಅನಿಸುತ್ತಿತ್ತು.

ಕೊನೆಗೆ ಅಜ್ಜಿ ತೀರ್ಪು ಕೊಟ್ಟಳು: “ಇವ್ರ್ ಅವ್ರ್ ಹೇಳೋದ್ ಬ್ಯಾಡ. ಕಲ್ಲನ್ನೇ ಕೇಳಿ.”

ನಂಗಲಿಯ ಆಚೆ, ಗಡಿಯ ಹತ್ತಿರ, ಬಂಡೆಗಳ ನಡುವೆ ಒಂದು ಅಮ್ಮನ ಗುಡಿ. ಗುಡಿಯ ಮುಂದಿನ ಚಪ್ಪಡಿಯ ಮೇಲೆ ಒಬ್ಬರು ಕುಕ್ಕರಗಾಲಲ್ಲಿ ಕೂರುವಷ್ಟು ಅಗಲದ ದುಂಡುಕಲ್ಲು. ಅದರ ಮೇಲೆ ಕೂತು, ಎರಡೂ ಅಂಗೈ ಊರಿ, ಕೇಳಬೇಕಾದದ್ದನ್ನು ಕೇಳಬೇಕು. ಆಗುವುದಾದರೆ ಕಲ್ಲು ಕೂತವರನ್ನು ಹೊತ್ತು ಬಲಕ್ಕೆ ತಿರುಗುತ್ತದೆ, ಆಗದಿದ್ದರೆ ಎಡಕ್ಕೆ. ಹೆಣ್ಣು ಕೊಡುವುದು, ಬಾವಿ ತೋಡುವುದು, ಎಲ್ಲವನ್ನೂ ಆ ಕಡೆಯ ಜನ ಅಲ್ಲಿಯೇ ಕೇಳುತ್ತಿದ್ದರು. ಅಮ್ಮ ಆಂಧ್ರದಿಂದ ಬಂದವಳಾದ್ದರಿಂದ ತೆಲುಗಿನಲ್ಲೇ ಕೇಳಬೇಕೆಂದು ಅಜ್ಜಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಪಾಠ ಹೇಳಿದಳು. ಮಾವ ಜೊತೆಗೆ ಬಂದದ್ದು ನನ್ನ ಸೀಟಿನ ಕುತೂಹಲಕ್ಕೆ. ರತ್ನಳನ್ನು ಕರೆತಂದದ್ದು ಅಜ್ಜಿಯ ಹಟಕ್ಕೆ.

ನಾವು ಹೋದಾಗ ನಡುಮಧ್ಯಾಹ್ನ. ಹೆದ್ದಾರಿಯ ಲಾರಿಗಳ ಸದ್ದು ಬಂಡೆಗಳನ್ನು ದಾಟುತ್ತಿದ್ದಂತೆ ಕತ್ತರಿಸಿದಂತೆ ನಿಂತಿತು. ಒಂದು ಕಾಗೆಯೂ ಇರಲಿಲ್ಲ. ಪೂಜಾರಮ್ಮ ಏನೂ ಕೇಳದೆ ಕಲ್ಲಿಗೆ ಅರಿಶಿನದ ನೀರು ಚಿಮುಕಿಸಿ, ನನಗೆ ಕೂರಲು ಸನ್ನೆ ಮಾಡಿದಳು. ಸುತ್ತಲಿನ ಚಪ್ಪಡಿ ಕಾಲು ಸುಡುತ್ತಿತ್ತು. ಆ ಕಲ್ಲು ಮಾತ್ರ ತಣ್ಣಗಿತ್ತು. ಒಳಗೊಳಗೇ ನಗುತ್ತಲೇ ಕೂತೆ. “ನಾಕು ಸೀಟು ದೊರುಕುತಾದಾ ತಲ್ಲೀ,” ನನಗೆ ಸೀಟು ಸಿಗುತ್ತದೆಯೇ ತಾಯಿ, ಎಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಕೆಳಗಿನಿಂದ ನನ್ನ ಭಾರವನ್ನು ತೂಗಿ ನೋಡಿದಂತಾಯಿತು. ಬೀಸುವ ಕಲ್ಲಿನ ಗರಗರ ಸದ್ದು. ಎದುರಿಗಿದ್ದ ಗುಡಿ ಮೆಲ್ಲಗೆ ಬಲಕ್ಕೆ ಸರಿಯತೊಡಗಿತು. ಗುಡಿ ಎಲ್ಲಿ ಸರಿಯುತ್ತದೆ? ನಾನೇ ಎಡಕ್ಕೆ ತಿರುಗುತ್ತಿದ್ದೆ. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಮೇಲೆ ರತ್ನ ಕೂತಳು. ಕಣ್ಣು ತೆರೆದೇ ಇದ್ದವು. ಕಲ್ಲು ಅಲುಗಲಿಲ್ಲ. ಬೆವರು ಅವಳ ಕೆನ್ನೆಯಿಂದಿಳಿದು ಕಲ್ಲಿನ ಮೇಲೆ ಬಿತ್ತು, ಆಗಲೂ ಅಲುಗಲಿಲ್ಲ. ಪೂಜಾರಮ್ಮನ ಮುಖವೇ ಬಿಳಿಚಿಕೊಂಡಿತು. “ಇಂಗೆ ಯಾವತ್ತೂ ಆಗಿಲ್ಲ,” ಎಂದಳು.

“ನಾನು ಏನೂ ಕೇಳ್ಲಿಲ್ಲ,” ಎಂದಳು ರತ್ನ ಇಳಿಯುತ್ತ. “ನನ್ ಮಾರ್ಕ್ಸ್ ನಂಗೊತ್ತು. ಸೀಟು ಸಿಗುತ್ತೆ. ಕಳಿಸ್ತೀಯೋ ಇಲ್ವೋ ಅನ್ನೋದು ನಿನ್ ಪ್ರಶ್ನೆ. ನೀನು ಕೂತ್ಕೋ ಅಪ್ಪಾ.”

ಅಪ್ಪನಿಗೆ ಮಗಳು ಹೀಗೆ ಹೇಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಾವ ನಗಲು ನೋಡಿದ. ಅಜ್ಜಿ, “ಕೂತ್ಕೋಳ್ಲಾ ಮುನಿಯ,” ಎಂದಳು. ಅಮ್ಮನ ಎದುರಿಗೆ ಹೆತ್ತಮ್ಮನ ಮಾತು ಮೀರುವುದುಂಟೆ? ಗುಡಿಗೆ ಮುಖ ಮಾಡಿ, ಮಗಳನ್ನು ಬೆನ್ನ ಹಿಂದೆ ಬಿಟ್ಟು, ಮಾವ ಆ ಭಾರೀ ಮೈಯನ್ನು ಕಲ್ಲಿನ ಮೇಲಿಟ್ಟ. “ಪಂಪಾಲಾ ವದ್ದಾ ತಲ್ಲೀ,” ಕಳಿಸಲೋ ಬೇಡವೋ ತಾಯಿ, ಎಂದು ಗಟ್ಟಿಯಾಗಿಯೇ ಕೇಳಿದ. ಕಲ್ಲು ಕೂಡಲೇ ಗರಗರ ಎಂದಿತು. ಬಲಕ್ಕೆ. “ನಿಲ್ಸಿ, ಯಾರ್ಲಾ ಅದು ಮುಟ್ಟಿರೋದು?” ಎಂದು ಮಾವ ಕೂಗಿದ. ಯಾರೂ ಹತ್ತಿರವಿರಲಿಲ್ಲ. ಕಲ್ಲು ಅವನನ್ನು ಮೆಲ್ಲಮೆಲ್ಲನೆ ಹೊತ್ತು ತಿರುಗಿಸಿ, ರತ್ನಳ ಮುಖಕ್ಕೆ ಮುಖ ಮಾಡಿಸಿ ನಿಲ್ಲಿಸಿತು.

ಆ ದಿನ ವಾಪಸು ಬರುವಾಗ ನನಗೆ ಬಸ್ಸಿನಲ್ಲೂ ಸೀಟು ಸಿಗಲಿಲ್ಲ. ವಿಶ್ವವಿದ್ಯಾಲಯದಲ್ಲೂ ಸಿಗಲಿಲ್ಲ. ರತ್ನಳಿಗೆ ಸಿಕ್ಕಿತು, ಅವಳು ಹೋದಳು. ಕೇಳಿದವರಿಗೆಲ್ಲ ಮಾವ, “ಅಮ್ಮನೇ ಹೇಳಿದ್ ಮೇಲೆ ನಾನೇನ್ ಮಾಡ್ಲಿ?” ಎಂದು ಕೈಯಾಡಿಸಿದ. ಶ್ರೀನಿವಾಸಪುರದವರೂ ದೇವಿಯ ಜೊತೆ ಜಗಳಕ್ಕೆ ಬರಲಿಲ್ಲ.

ನನ್ನ ಕಥೆಯನ್ನು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕರು. ಕಲ್ಲಿನ ತಳ ದುಂಡಗಿರುತ್ತದೆ, ಮನಸ್ಸು ಎತ್ತಲೋ ಮೈ ಅತ್ತ ಕೂದಲೆಳೆಯಷ್ಟು ವಾಲುತ್ತದೆ, ಅಷ್ಟು ಸಾಕು ಎಂದರು. ಧೈರ್ಯ ತುಂಬಲು ಹೇಳಿದ ಮಾತು ನನ್ನ ಹೆದರಿಕೆಯನ್ನು ಇಮ್ಮಡಿ ಮಾಡಿತು. ಹಾಗಾದರೆ ಬೇಡ ಎಂದವನು ನಾನೇ? ಬಾಯಲ್ಲಿ ಸೀಟು ಕೇಳುತ್ತ, ಬೆಂಗಳೂರೆಂದರೆ ಒಳಗೇ ಬೆವರುತ್ತಿದ್ದ ಇನ್ನೊಬ್ಬ ಅಲ್ಲಿ ಕೂತಿದ್ದನೇ? ದೇವಿಯಾದರೆ ಗುಡಿಯಲ್ಲಿ ಬಿಟ್ಟು ಬರಬಹುದು, ಇವನನ್ನು ಜೊತೆಯಲ್ಲೇ ಮನೆಗೆ ಕರೆತರಬೇಕಲ್ಲ. ಅಂದಿನಿಂದ ನಾನು ಯಾವ ಕಲ್ಲಿನ ಮೇಲೂ ಕೂತಿಲ್ಲ. ಆ ಇನ್ನೊಬ್ಬ ಇನ್ನೇನು ಹೇಳುತ್ತಾನೋ ಯಾರಿಗೆ ಗೊತ್ತು.

ಎಷ್ಟೋ ವರ್ಷಗಳ ಮೇಲೆ, ರತ್ನ ಕೃಷಿ ಇಲಾಖೆಯ ಜೀಪಿನಲ್ಲಿ ಓಡಾಡುವ ಕಾಲಕ್ಕೆ, ಹಿಪ್ಪುನೇರಳೆ ತೋಟದಲ್ಲಿ ಮಾವನ ಜೊತೆ ನಡೆಯುತ್ತಿದ್ದಾಗ ಮೇಷ್ಟ್ರ ಮಾತನ್ನು ಹೇಳಿದೆ. “ಅಮ್ಮ ಅಲ್ಲ ಮಾವ, ನೀನೇ ತಿರುಗಿದ್ದು. ನಿನ್ನ ಮನಸ್ಸಲ್ಲಿ ಕಳಿಸಬೇಕು ಅಂತ ಇತ್ತು.” ಮಾವ ಹೆಮ್ಮೆಪಡುತ್ತಾನೆ ಎಂದುಕೊಂಡಿದ್ದೆ. ಅವನು ನಿಂತುಬಿಟ್ಟ. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ.

“ಎಡಕ್ಕೆ ತಿರುಗ್ಸೋಕೆ ನಾನು ಮೈಯಲ್ಲಿರೋ ಬಲ ಎಲ್ಲಾ ಹಾಕಿದ್ದೆ ಕಣೋ,” ಎಂದ ಮೆಲ್ಲಗೆ. “ಸೊಂಟ ಹಿಡ್ಕೊಂತು. ಆದ್ರೂ ಬಲಕ್ಕೇ ಹೋಯ್ತು.”

ಮೇಷ್ಟ್ರು ಈಗ ಇಲ್ಲ, ಇದ್ದಿದ್ದರೆ ಕೇಳಬಹುದಿತ್ತು. ಆ ಗಟ್ಟಿ ಆಳಿನ ಎರಡು ಕೈ, ಒಂದು ಸೊಂಟದ ಬಲವನ್ನೂ ಮೀರಿ ಅವನನ್ನು ಮಗಳ ಕಡೆಗೆ ತಿರುಗಿಸಿದ್ದು ಏನೋ ಇತ್ತಲ್ಲ, ಅದನ್ನು ಅಮ್ಮ ಎನ್ನುವವರು ಅಮ್ಮ ಎನ್ನಲಿ, ಅಪ್ಪ ಎನ್ನುವವರು ಅಪ್ಪ ಎನ್ನಲಿ. ನನ್ನದೇನೂ ತಕರಾರಿಲ್ಲ.