ಮೂರನೆಯ ಪುಟದ ಸಹಿ

ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ನೇಮಕದ ಪತ್ರದಲ್ಲಿ ಇಲ್ಲದ ಒಂದು ಕೆಲಸವೂ ಬರುತ್ತದೆ. ಎಲ್ಲಾದರೂ ದಾಳಿ ನಡೆಯುವಾಗ ಪಂಚರಾಗಿ ಹೋಗಿ ನಿಲ್ಲುವುದು, ನಮ್ಮ ಕಣ್ಣೆದುರು ನಡೆದದ್ದನ್ನು ಬರೆದ ಪಂಚನಾಮೆಗೆ ಸಹಿ ಹಾಕುವುದು. ನಾನು ತೆಲುಗು ಸೀಮೆಯ ಬಾಲಾನಗರದಲ್ಲಿ ಅಂಥದೊಂದು ಕಾರ್ಖಾನೆಯ ತಪಾಸಣೆ ವಿಭಾಗದವನು. ಬಿಡಿಭಾಗ ಅಳೆಯುವುದು, ಅಳತೆ ಸರಿಯಿದ್ದರೆ ಚೀಟಿಗೆ ಸಹಿ ಹಾಕುವುದು ನನ್ನ ದಿನಚರಿ. ಒಂದು ಬೆಳಿಗ್ಗೆ ನನ್ನನ್ನೂ ಉಗ್ರಾಣದ ಗೆಳೆಯನನ್ನೂ ಆಡಳಿತ ಕಚೇರಿಗೆ ಕರೆದು, ಹೊರಗೆ ನಿಂತಿದ್ದ ಜೀಪು ತೋರಿಸಿದರು. ಎಲ್ಲಿಗೆಂದು ಹೇಳಲಿಲ್ಲ. ಮೊಬೈಲು ಇಸಿದುಕೊಂಡರು. ಮನೆಯಲ್ಲಿಯೂ ಬಾಯಿ ಬಿಡಬಾರದು ಎಂದರು.

ಗೆಳೆಯ ಹುಬ್ಬಳ್ಳಿಯವನು. "ಇವತ್ತ ಕ್ಯಾಂಟೀನ್ ಉಪ್ಪಿಟ್ಟು ತಪ್ತು ನೋಡಲೇ," ಎಂದ. "ಸರ್ಕಾರಕ್ಕ ನಮ್ಮ ಮ್ಯಾಲೆ ಭಾಳ ಕರುಣಾ ಬಂದೈತಿ."

ಜೀಪು ಪಟಾನ್‌ಚೆರು ದಾಟಿ, ಬೋರ್ಡು ಕಿತ್ತುಹಾಕಿದ್ದ ಔಷಧ ಕಾರ್ಖಾನೆಯೊಂದರ ಮುಂದೆ ನಿಂತಿತು. ಒಳಗೆ ಒಬ್ಬನೇ ಒಬ್ಬ ಕೆಲಸಗಾರ ನೀಲಿ ಡ್ರಮ್ಮು ತೊಳೆಯುತ್ತಿದ್ದ. ನಲವತ್ತರ ಆಸುಪಾಸು. ಹಿಂದಿನ ಕೋಣೆಗೆ ಬೀಗವಿತ್ತು. ಬಾಗಿಲ ಚೌಕಟ್ಟಿನ ಬಲಗಡೆ, ನನ್ನ ಭುಜದ ಎತ್ತರಕ್ಕೆ ಒಂದು ಮೊಳೆ. ಅದರಲ್ಲಿ ಬೀಗದ ಕೈ ತೂಗುತ್ತಿತ್ತು. ನಮ್ಮನ್ನು ಕರೆತಂದಿದ್ದ ದಾಳಿಯ ಅಧಿಕಾರಿ ಅದನ್ನು ಮೊಳೆಯಿಂದ ತೆಗೆದು ಬಾಗಿಲು ತೆರೆದರು. ಇದನ್ನು ನಾನು ನೋಡಿದೆ.

ಒಳಗೆ ಚೀಲಗಳು, ಮೇಲೆ ಅಡುಗೆ ಬಣ್ಣ ಎಂಬ ಮುದ್ರೆ. ಅಧಿಕಾರಿ ಒಂದು ಚಿಟಿಕೆ ಪುಡಿಗೆ ಎರಡು ಹನಿ ದ್ರವ ಬಿಟ್ಟರು. ಬಣ್ಣ ತಿರುಗಿತು: ಮಾದಕವಸ್ತು. ಬಂದರಿನ ದಾರಿಯಲ್ಲಿ ಹೊರದೇಶಕ್ಕೆ ಹೋಗಬೇಕಿದ್ದ ಮಾಲು, ಆ ದೇಶದವರೇ ಸುಳಿವು ಕೊಟ್ಟದ್ದು ಎಂದರು. ಅವರು ಕೆಟ್ಟವರಲ್ಲ. ಮೂರು ದಿನದಿಂದ ಮನೆ ಕಂಡಿರಲಿಲ್ಲವಂತೆ. ಆ ಪುಡಿಯೂ ಸುಳ್ಳಲ್ಲ.

ಚೀಲಗಳನ್ನು ತೂಗತೊಡಗಿದರು. ನಾನು ರೂಢಿಯಂತೆ ಮೆಲ್ಲಗೆ ಕನ್ನಡದಲ್ಲಿ ಎಣಿಸುತ್ತಿದ್ದೆ. ಮೂಲೆಯಲ್ಲಿ ಕೂರಿಸಿದ್ದ ಕೆಲಸಗಾರ ತಲೆ ಎತ್ತಿದ.

"ಸರ, ನೀವು ಕನ್ನಡದೋರೇನ್ರಿ? ನಾ ಸೇಡಂ ಕಡಿಯಾಂವ್ರಿ. ಬಂದು ಎಂಟ್ ದಿನ ಆಗ್ಯಾವ. ಡ್ರಮ್ ತೊಳಿಯಾಕ ಕರಕೊಂಡ್ ಬಂದಾರ. ಆ ಖೋಲಿ ಒಳಗ ಕಾಲಿಟ್ಟಿಲ್ರಿ. ಕೀಲಿಕೈ ಮೊಳಿಗೇ ಇರ್ತದ್ರಿ. ನೀವ ನೋಡೀರಲ್ಲ, ಹೇಳ್ರಿ ಅವರಿಗಿ."

ಏನಂತೆ ಎಂದು ಅಧಿಕಾರಿ ಕೇಳಿದರು. ಅವನು ಹೇಳಿದ್ದನ್ನು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ಬರೆದುಕೊಳ್ಳುತ್ತಾರೆ ಎಂದುಕೊಂಡೆ.

"ನಾವು ಬಂದಿದ್ದು ಸಹಿ ಹಾಕಾಕ," ಎಂದು ಗೆಳೆಯ ನನ್ನ ತೋಳು ತಿವಿದ. "ಊರ ಪಂಚಾಯ್ತಿ ಮಾಡಾಕಲ್ಲ."

ಸಂಜೆಯ ಹೊತ್ತಿಗೆ ಆರು ಪುಟದ ಪಂಚನಾಮೆ ಇಂಗ್ಲಿಷಿನಲ್ಲಿ ಸಿದ್ಧವಾಯಿತು. ಉಳಿದವರು ಚಹಾ ಕುಡಿಯುತ್ತಿದ್ದರು. ನಾನು ಒಂದೊಂದೇ ತೂಕ, ಒಂದೊಂದೇ ಅರಗಿನ ಮುದ್ರೆಯ ಗುರುತು ತಾಳೆ ನೋಡಿದೆ. ಮೂರನೆಯ ಪುಟದಲ್ಲಿ ಒಂದು ತೂಕದ ಅಂಕಿಗಳು ಹಿಂದುಮುಂದಾಗಿದ್ದವು. ತೋರಿಸಿದೆ. ಅಧಿಕಾರಿ ಮೆಚ್ಚಿ, ತಿದ್ದಿ, ಪಕ್ಕದಲ್ಲಿ ನನ್ನ ಸಹಿ ಹಾಕಿಸಿದರು. ಎಲ್ಲ ಪುಟಗಳಿಗೂ ಸಹಿ ಹಾಕಿದೆ. ವಾಕ್ಯಗಳನ್ನು ನಾನು ಓದಿರಲಿಲ್ಲ. ನನ್ನ ಕಣ್ಣು ಅಂಕಿಯಿಂದ ಅಂಕಿಗೆ ಹೋಗಿತ್ತು, ಮೂವತ್ತು ವರ್ಷದಿಂದ ಹೋಗುವ ಹಾಗೆ.

ಎರಡು ವರ್ಷದ ಮೇಲೆ ನಮ್ಮಿಬ್ಬರಿಗೂ ಸಮನ್ಸ್ ಬಂತು. ಸಾಕ್ಷಿ ಹೇಳುವ ಬೆಳಿಗ್ಗೆ ಸರ್ಕಾರಿ ವಕೀಲರು ತಮ್ಮ ಕೋಣೆಯಲ್ಲಿ ಆ ಕಾಗದಗಳನ್ನು ಓದಲು ಕೊಟ್ಟರು. ಮೂರನೆಯ ಪುಟದಲ್ಲಿ, ನಾನು ತಿದ್ದಿಸಿದ ತೂಕದ ಮೇಲಿನ ಸಾಲಿನಲ್ಲಿಯೇ ಹೀಗಿತ್ತು: ಬೀಗದ ಕೈ ಆರೋಪಿಯ ಪ್ಯಾಂಟಿನ ಜೇಬಿನಿಂದ ಸಿಕ್ಕಿತು. ಬೀಗದ ಕೈ ಯಾರ ಹತ್ತಿರವೋ ಮಾಲು ಅವರ ವಶದಲ್ಲಿದ್ದಂತೆ ಎಂದು ವಕೀಲರೇ ವಿವರಿಸಿದರು. ಕಾರ್ಖಾನೆಯ ಮಾಲೀಕ ಇನ್ನೂ ಸಿಕ್ಕಿರಲಿಲ್ಲ. ಆರೋಪಿಯಾಗಿದ್ದ ಸೇಡಂ ಕಡೆಯವನು ಅಂದಿನಿಂದ ಜೈಲಿನಲ್ಲೇ ಇದ್ದ.

ಹೊರಗೆ ಬೆಂಚಿನಲ್ಲಿ ಗೆಳೆಯನಿಗೆ ಹೇಳಿದೆ. ಅವನು ಬಗ್ಗಿ ಬೂಟಿನ ಲೇಸು ಬಿಗಿದುಕೊಂಡ.

"ಅಷ್ಟ್ ಚೀಲದಾಗ ನಿನಗ ಕಂಡಿದ್ದು ಒಂದು ಮೊಳಿ," ಎಂದ. "ನಂಗ ರಿಟೈರ್ ಆಗಾಕ ಒಂದ ವರ್ಷ ಐತಿ. ನನ್ನ ಕೇಳಬ್ಯಾಡ."

ಅವನನ್ನು ಮೊದಲು ಕರೆದರು. ಬೀಗದ ಕೈಯ ವಿಷಯ ಬಂದಾಗ, ಪಂಚನಾಮೆಯಲ್ಲಿ ಇದ್ದಂತೆಯೇ ಸಿಕ್ಕಿತು ಎಂದನಂತೆ. ಹೊರಬಂದವನು ನನಗಾಗಿ ನಿಲ್ಲಲಿಲ್ಲ.

ನಾನು ಮೊಳೆಯ ವಿಷಯ ಹೇಳಿದೆ, ಎತ್ತರ ಸಹಿತ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ, ತಾವೇ ಪಾಟೀಸವಾಲಿಗೆ ನಿಂತರು. ಇದು ನಿಮ್ಮ ಸಹಿಯೆ? ಹೌದು. ಈ ತೂಕವನ್ನು ತಿದ್ದಿಸಿದ್ದು ನೀವೆ? ಹೌದು. ಕೆಳಗಿನ ಸಾಲಿನ ತಪ್ಪು ಕಂಡವರಿಗೆ ಮೇಲಿನ ಸಾಲು ಕಾಣಲಿಲ್ಲವೆ? ನಾನು ಅಂಕಿಗಳನ್ನು ಮಾತ್ರ ನೋಡಿದ್ದೆ ಎಂದೆ. ಯಾರೋ ನಕ್ಕರು. ಟೈಪ್ ಮಾಡುವ ಹೆಂಗಸು ಅದನ್ನೂ ಟೈಪ್ ಮಾಡಿದರು.

ಎಲ್ಲವೂ ಇಂಗ್ಲಿಷಿನಲ್ಲಿ ನಡೆಯಿತು. ಹಿಂದೆ ಕಟಕಟೆಯಲ್ಲಿದ್ದವನಿಗೆ ಏನೂ ತಿಳಿದಿರಲಿಕ್ಕಿಲ್ಲ. ಅವನನ್ನು ಪಡಸಾಲೆಗೆ ಕರೆತಂದಾಗ ನಾನು ಅಲ್ಲೇ ನಿಂತಿದ್ದೆ. ಕೂದಲು ನೆರೆತಿತ್ತು.

"ಕೀಲಿಕೈ ಮೊಳೆಯಲ್ಲೇ ಇತ್ತು ಅಂತ ಹೇಳಿದೀನಿ," ಎಂದೆ.

ಅವನು ನಿಂತ. ಕೈ ಹಿಡಿದಿದ್ದ ಪೊಲೀಸನೂ ನಿಂತ.

"ಹಂಗಾರ ಬಿಡ್ತಾರೇನ್ರಿ, ಸರ?"

ಅಂದು ಓದದ ಸಾಲಿಗೆ ಸಹಿ ಹಾಕಿದ್ದೆ; ಈ ಸಲ ಗೊತ್ತಿದ್ದಷ್ಟನ್ನೇ ಹೇಳಬೇಕಾಗಿತ್ತು.

"ನನಗೆ ಗೊತ್ತಿಲ್ಲಪ್ಪಾ," ಎಂದೆ.

ಅವನು ತಲೆಯಾಡಿಸಿ, ಪೊಲೀಸನಿಗಿಂತ ಮೊದಲೇ ಮೆಟ್ಟಿಲ ಕಡೆ ನಡೆದ.