ತಾಟಿನೊಳಗೆ ಬರೆದವಳು

ಹಲ್ಲಿನ ಡಾಕ್ಟರು ಬಾಯೊಳಗೆ ಯಂತ್ರ ಇಟ್ಟು ಚಾಲೂ ಮಾಡಿದ ಕೂಡಲೇ ನನಗೆ ನಗು ಬಂತು. ಬಾಯಿ ಅಗಲಿಸಿಕೊಂಡು ಮಲಗಿದವರು ನಗಬಾರದು. ಅವರು ಗಾಬರಿಯಾಗಿ ಕೈ ತೆಗೆದು, "ನೋವಾತೇನ್ರಿ ಮೇಡಂ?" ಎಂದರು. ನೋವಲ್ಲ... ಆ ಗರ್ರ್ ಎನ್ನುವ ಸದ್ದು, ಅದರ ಬೆನ್ನಿಗೇ ಬಂದ ಕಾದ ಮೋಟರಿನ ಕಮಟು ವಾಸನೆ. ಎರಡೂ ಸೇರಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಹೋಗಿ ಇಬ್ರಾಹಿಂಪುರದ ನಮ್ಮ ಹಳೆಯ ಓಣಿಯಲ್ಲಿ, ರೈಲು ಹಳಿಗೆ ಬೆನ್ನು ಮಾಡಿದ ಒಂದು ಮನೆಯ ಕಟ್ಟೆಯ ಮೇಲೆ ಕೂರಿಸಿಬಿಟ್ಟವು.

ಆ ಮನೆಯಲ್ಲಿದ್ದವಳು ಭಾಂಡೆಗಳ, ಅಂದರೆ ಪಾತ್ರೆಗಳ ಮೇಲೆ ಹೆಸರು ಹಾಕುವ ಹೆಂಗಸು. ಓಣಿಯ ಸಣ್ಣವರು ದೊಡ್ಡವರು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು ಕಾಖಂಡಕಿಯಲ್ಲಿ. ಮದುವೆಯಾಗಿ ಎರಡೇ ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ಇಬ್ರಾಹಿಂಪುರದ ಅಣ್ಣನ ಮನೆಗೆ ಬಂದಿದ್ದಳು. ಯಾಕೆ ಬಂದಳೆಂಬುದು ತಮಗೆ ಗೊತ್ತು ಎನ್ನುವ ಹಾಗೆ ಎಲ್ಲರೂ ಮಾತಾಡುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ. ಗೋಳಗುಮ್ಮಟದ ಕಡೆಯ ಒಂದು ಭಾಂಡೆ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು, ಪೆನ್ನಿನಂಥ ಕರೆಂಟಿನ ಮಷೀನು ಹಿಡಿದು, ದಿನವಿಡೀ ಕೊಡ, ಸ್ಟೀಲಿನ ಬುಟ್ಟಿ, ಡಬ್ಬಿಗಳ ಮೇಲೆ ಕೊರೆಯುತ್ತಿದ್ದಳು. ಮುತ್ತು ಜೋಡಿಸಿದಂಥ ಅಕ್ಷರ.

ನಮ್ಮ ಕಡೆ ಮದುವೆಗೆ ಭಾಂಡೆ ಕೊಡುವವರು ಹೆಸರು ಹಾಕಿಸದೆ ಕೊಡುತ್ತಿರಲಿಲ್ಲ. ಯಾರು ಕೊಟ್ಟರು ಎಂಬುದು ಮೂರು ತಲೆಮಾರಿಗೆ ಗೊತ್ತಾಗಬೇಕಲ್ಲ! ನಮ್ಮ ಅವ್ವನ ಮದುವೆಗೆ ಬಂದ ಭಾಂಡೆಗಳ ಮೇಲೆ ಕಾಕಾಗಳಿದ್ದರು, ಮಾವಂದಿರಿದ್ದರು, ಅಪ್ಪನ ಹೆಸರಂತೂ ಎಲ್ಲದರ ಮೇಲೂ ಇತ್ತು. ಅವನ್ನು ಇಪ್ಪತ್ತು ವರ್ಷ ತಿಕ್ಕಿದ ಅವ್ವನ ಹೆಸರು ಒಂದು ಚಮಚದ ಮೇಲೂ ಇರಲಿಲ್ಲ. ಇದನ್ನು ನಾನು ಕಂಡುಹಿಡಿದದ್ದಲ್ಲ. ನಮ್ಮ ಮನೆಯ ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿ ಅಕ್ಕನೇ ಹೇಳಿದ್ದು.

ಅಂಗಡಿಗೆ ಬರುವ ಗಂಡಸು ಹೆಸರಿನ ಚೀಟಿ ಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದ. ಹಿಂದೆ ಬಂದ ಹೆಂಗಸು ಭಾಂಡೆ ಕಾಯುತ್ತ ನಿಂತಿರುತ್ತಿದ್ದಳು. ಆಗ ಅಕ್ಕ ಮಷೀನು ನಿಲ್ಲಿಸಿ ಕೇಳುತ್ತಿದ್ದಳು, "ನಿಮಗೇನ ಬರೀಲಿ ಬೇ?" ಮೊದಮೊದಲು ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರಂತೆ. ಆಮೇಲೆ ಯಾರಾದರೂ ಒಬ್ಬಳು ಒಂದು ಮಾತು ಹೇಳಿಬಿಡುತ್ತಿದ್ದಳು. ನಮ್ಮ ಓಣಿಯ ಹೆಂಗಸರೂ ಸಂಜೆ ಅವಳ ಕಟ್ಟೆಗೆ ಬಂದು ಹೇಳುತ್ತಿದ್ದರು. ಅಕ್ಕ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ರಾತ್ರಿ ಅಂಗಡಿಯ ಮಷೀನನ್ನೇ ಮನೆಗೆ ತಂದು, ಗುಜರಿಯಿಂದ ತಂದು ಬೂದಿ ಹಾಕಿ ತಿಕ್ಕಿಟ್ಟ ಹಳೆಯ ಸ್ಟೀಲಿನ ಊಟದ ತಾಟಿನ ಒಳಗೆ, ನಟ್ಟನಡುವೆ, ಆಳವಾಗಿ ಕೊರೆಯುತ್ತಿದ್ದಳು. ಹೆಸರು ಹಾಕುತ್ತಿರಲಿಲ್ಲ. ಆ ಹೆಂಗಸರು ಹೇಳಿದ ಮಾತು, ಹೇಳಿದ ಹಾಗೇ.

ಆ ತಾಟುಗಳನ್ನು ನನಗೆ ತೋರಿಸಿದ್ದು ಪಿಯುಸಿ ಎರಡನೇ ವರ್ಷದ ಫಲಿತಾಂಶ ಬಂದು ತಿಂಗಳಾದ ಮೇಲೆ. ಮಂಚದ ಕೆಳಗಿನಿಂದ ಒಂದೊಂದಾಗಿ ಎಳೆದು ಮುಂದಿಟ್ಟಳು.

"ಬಿಸಿ ರೊಟ್ಟಿ ಉಂಡಿದ್ದು ಬಾಣಂತಿ ಇದ್ದಾಗಷ್ಟ."

"ಮೂರನೇದೂ ಹೆಣ್ಣಂತ ತೆಗಿಸಿದ್ರು. ನನ್ನ ಕೇಳಲಿಲ್ಲ."

"ಬಡದ ದಿನಾನೂ ಪಲ್ಯಾಕ ಉಪ್ಪು ಬರಾಬರಿ ಇತ್ತು."

ಉಪ್ಪಿನ ತಾಟು ನನ್ನ ತೊಡೆಯ ಮೇಲೆ ಬಹಳ ಹೊತ್ತು ಇತ್ತು. ಈಗ ದೊಡ್ಡ ಊರುಗಳ ಪ್ರದರ್ಶನಗಳಲ್ಲಿ ಇಂಥವನ್ನು ಬಿಳಿ ಗೋಡೆಗೆ ತೂಗುಹಾಕಿ, ಕೆಳಗೊಂದು ಚೀಟಿ ಅಂಟಿಸಿ, ಬೆಳಕು ಬಿಡುತ್ತಾರೆ. ನೋಡುವವರು ಕೈ ಹಿಂದೆ ಕಟ್ಟಿಕೊಂಡು ತಲೆಯಾಡಿಸುತ್ತಾರೆ. ನಾನೂ ಹಾಗೆ ತಲೆಯಾಡಿಸಿ ಬಂದವಳೇ. ಅಕ್ಕನಿಗೆ ಗೋಡೆಯಲ್ಲಿ ನಂಬಿಕೆ ಇರಲಿಲ್ಲ. "ತಾಟಂದ್ರ ಉಣ್ಣಾಕ," ಎಂದಳು.

ನಾನು ಆ ದಿನ ಅವಳ ಹತ್ತಿರ ಹೋಗಿದ್ದು ಅಳುವುದಕ್ಕೆ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ, ಡಿಗ್ರಿ ಕಾಲೇಜಿನಿಂದ ಸೀಟು ಸಿಕ್ಕಿದ ಕಾಗದವೂ ಬಂದಿತ್ತು. ಅಪ್ಪ ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡು, ಟಿಕೋಟಾದ ಒಂದು ಮನೆಯವರ ಜೊತೆ ನನ್ನ ಮದುವೆಯ ಮಾತು ಮುಗಿಸಿದ್ದ. ಮುಂದಿನ ಭಾನುವಾರ ಹುಡುಗನ ತಂದೆ ಬಂದು ಎಲೆ ಅಡಿಕೆ ಹಿಡಿಯುವುದಿತ್ತು. ಅವ್ವ ಒಂದು ಮಾತೂ ಆಡಿರಲಿಲ್ಲ. ಅವ್ವನ ಮೇಲೆಯೇ ನನಗೆ ಹೆಚ್ಚು ಸಿಟ್ಟಿತ್ತು.

"ನಿನಗೇನ ಬರೀಲಿ?" ಎಂದು ಅಕ್ಕ ನನ್ನನ್ನೂ ಕೇಳಿದಳು.

"ನಂದಿನ್ನ ಏನೂ ಆಗಿಲ್ಲಲ್ಲಕ್ಕ."

"ಹಂಗಾರ ನಿಂದೊಂದ ತಾಟ ಖಾಲಿ ಇಡ್ತೀನಿ," ಎಂದು ಒಂದನ್ನು ಬದಿಗೆ ಸರಿಸಿದಳು. "ಆದ ಮ್ಯಾಲ ಬರಿಯೂದು ಇದ್ದ ಐತಿ. ಆಗೂಕಿಂತ ಮೊದಲ ಏನರೆ ಮಾಡೂನು."

ಅದೇ ಭಾನುವಾರ ಅಕ್ಕ ಮನೆಯಲ್ಲಿ ಪೂಜೆ ಇಟ್ಟುಕೊಂಡಳು. ಸ್ವಂತ ಮಷೀನು ಕೊಂಡಿದ್ದಳು. ಅದಕ್ಕೆ ಕುಂಕುಮ ಹಚ್ಚಿ, ಓಣಿಯ ಗಂಡಸರಿಗೆಲ್ಲ ಊಟಕ್ಕೆ ಹೇಳಿಬಂದಳು. ಅಡುಗೆಗೆ, ಬಡಿಸಲಿಕ್ಕೆ ಓಣಿಯ ಹೆಂಗಸರು. ಹೋಳಿಗೆ, ಎಣಗಾಯಿ, ಕಟ್ಟಿನ ಸಾರು. ಬಿಟ್ಟಿ ಹೋಳಿಗೆಗೆ ಒಲ್ಲೆ ಎನ್ನುವ ಗಂಡಸು ನಮ್ಮ ಓಣಿಯಲ್ಲಿ ಹುಟ್ಟಿರಲಿಲ್ಲ. ಟಿಕೋಟಾದಿಂದ ಬಂದಿಳಿದ ಭಾವೀ ಬೀಗರನ್ನೂ ಅಪ್ಪ, "ಬರ್ರಿ ಬೀಗರ, ನಮ್ಮ ಓಣಿ ಮಂದೀನೂ ನೋಡಿದಂಗಾತು," ಎಂದು ಕರೆದುಕೊಂಡೇ ಬಂದ. ಅಕ್ಕನಿಗೆ ಕೆಲಸ ಕೊಡುತ್ತಿದ್ದ ಭಾಂಡೆ ಅಂಗಡಿಯ ಮಾಲೀಕರೂ ಬಂದಿದ್ದರು. ಪಂಕ್ತಿಯ ತುದಿಗೆ ಓಣಿಯ ಹಿರಿಯರೊಬ್ಬರು ಕುಳಿತರು. ಎಂಬತ್ತು ದಾಟಿದವರು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು.

ತಾಟಿನ ತುಂಬ ಅಗಲವಾದ ರೊಟ್ಟಿ ಮುಚ್ಚಿ, ಮೇಲೆ ಪಲ್ಯ ಚಟ್ನಿ ಬಡಿಸಿಯೇ ಒಳಗಿನಿಂದ ತಂದರು. ಯಾವ ತಾಟು ಯಾರ ಮುಂದೆ ಎಂಬುದನ್ನು ಅಕ್ಕನೇ ನಿಂತು ಹೇಳಿದಳು. ನಾನು ಒಳಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

ಮೊದಲು ರೊಟ್ಟಿ ಮುರಿದವನು ಕಿರಾಣಿ ಅಂಗಡಿಯವನು. ಅವನ ಕೈ ಅಲ್ಲೇ ನಿಂತಿತು. ಪಕ್ಕದವನ ತಾಟಿನತ್ತ ಕಣ್ಣು ಹಾಯಿಸಿದ, ಅಲ್ಲಿಯೂ ಬರಹ. ಆಮೇಲೆ ಪಂಕ್ತಿಯ ತುಂಬ ತಲೆಗಳು ಬಗ್ಗಿದವು. ಎದ್ದುಹೋಗುವ ಹಾಗಿಲ್ಲ. ಹಿರಿಯರು ಕೈ ತೊಳೆಯುವ ತನಕ ಪಂಕ್ತಿಯಿಂದ ಏಳಬಾರದು. ಹಿರಿಯರಿಗೋ ಅಕ್ಷರ ಕಾಣುವುದಿಲ್ಲ, ಬಾಯಿ ಚಪ್ಪರಿಸುತ್ತ, "ಎಣಗಾಯಿ ಇನ್ನೊಂದ ಹಾಕವ್ವ, ತುಪ್ಪ ಎಲ್ಲೈತಿ?" ಎನ್ನುತ್ತಿದ್ದರು. ಅಷ್ಟು ನಿಧಾನವಾಗಿ ಉಂಡ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಗಂಡಸರು ಒಂದು ಉಪಾಯ ಹುಡುಕಿಕೊಂಡರು. ಅನ್ನ ಕೇಳತೊಡಗಿದರು. ಅನ್ನ ಬಿದ್ದರೆ ಅಕ್ಷರ ಮುಚ್ಚುತ್ತದೆ. ಆದರೆ ಬಡಿಸಿದ್ದನ್ನು ತಾಟಿನಲ್ಲಿ ಬಿಟ್ಟು ಕೂತರೆ ಮರ್ಯಾದೆ ಅಲ್ಲ, ಉಣ್ಣಬೇಕು. ಉಂಡರೆ ಅಕ್ಷರ ಮತ್ತೆ ಎದ್ದು ಬರುತ್ತದೆ. ಮತ್ತೆ ಅನ್ನ. ಬೆವರುತ್ತ ಉಣ್ಣುತ್ತಿದ್ದರು.

ಅಪ್ಪನ ತಾಟಿನಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಅವನು ಎರಡು ಸಲ ಅನ್ನ ಹಾಕಿಸಿಕೊಂಡ. ಬಡಿಸುತ್ತಿದ್ದವಳು ಅವ್ವ. ಮೂರನೆಯ ಸಲ, ತಲೆ ಎತ್ತದೆ, ಎಡಗೈಯಿಂದ ತಾಟು ತುಸು ಮುಂದೆ ನೂಕಿ, "ಅನ್ನ," ಎಂದ.

ಅವ್ವನ ಕೈಯಲ್ಲಿ ಬೋಗುಣಿಯ ತುಂಬ ಅನ್ನ ಹಬೆಯಾಡುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು.

"ಅನ್ನ ಮುಗದೈತಿ," ಎಂದಳು ಅವ್ವ.

ಪಕ್ಕದಲ್ಲಿದ್ದ ಟಿಕೋಟಾದ ಬೀಗರು ಕತ್ತು ಚಾಚಿ ಅಪ್ಪನ ತಾಟನ್ನು ಓದಿದರು. ಸ್ವಲ್ಪ ಗಟ್ಟಿಯಾಗಿಯೇ ಓದಿದರು. "ಸಾಲಿ ಟೀಚರ ನೌಕರಿ ಕಾಗದ ಬಂದಿತ್ತು. ಬಚ್ಚಲ ಒಲಿಗೆ ಹಾಕಿದ. ನೀರೂ ಕಾಯಲಿಲ್ಲ." ಆಮೇಲೆ, "ಯಾರ್ದ್ರಿ ಇದು ನೌಕರಿ ಕಾಗದ?" ಎಂದು ಕೇಳಿದರು.

"ನಂದರಿ," ಎಂದಳು ಅವ್ವ. ಅವಳು ಹೊರಗಿನ ಗಂಡಸರ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಮಗಳಿಗೂ ಕಾಲೇಜಿನ ಕಾಗದ ಬಂದೈತ್ರಿ. ಇವರ ಕಿಸೆದಾಗ ಐತಿ. ಅದನ್ನ ಸುಡಾಕ ನಾ ಕೊಡಂಗಿಲ್ಲ."

ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಹೋಯಿತು, ಅದು ದಾಟುವ ತನಕ ಇಡೀ ಪಂಕ್ತಿ ಹಾಗೇ ಕೂತಿತ್ತು. ಕೊನೆಗೆ ಹಿರಿಯರು ದೊಡ್ಡದಾಗಿ ತೇಗಿ, "ಊಟ ಬಾಳ ಚಲೋ ಆತವ್ವ, ಮಷೀನಕ್ಕ ಒಳ್ಳೇದಾಗ್ಲಿ," ಎಂದು ಹರಸಿ ಕೈ ತೊಳೆದರು.

ಅಪ್ಪ ಕೆಟ್ಟವನಲ್ಲ, ಕಾಲವೇ ಹಾಗಿತ್ತು ಎಂದು ಇಲ್ಲಿ ಒಂದು ಮಾತು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಕಾಗದವನ್ನು ಒಲೆಗೆ ಹಾಕಿದ್ದು ಕಾಲವಲ್ಲ, ಅಪ್ಪ. ಟಿಕೋಟಾದವರು, ಇಂಥ ಮಾತಿನ ಹೆಂಗಸರ ಮನೆಯ ಹೆಣ್ಣು ನಮಗೆ ಬೇಡ ಎಂದು ಹೇಳಿ ಕಳಿಸಿದರು. ಅಪ್ಪ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ, ಎಂಟನೆಯ ದಿನ ನನ್ನ ಕಾಗದವನ್ನು ಟೀವಿಯ ಮೇಲೆ ಇಟ್ಟು ಹೊರಗೆ ಹೋದ. ನಾನು ಓದಿದೆ, ನೌಕರಿ ಹಿಡಿದೆ. ಅವ್ವ ತನ್ನ ಮಾತಿನ ತಾಟನ್ನು ಅಕ್ಕನಿಂದ ಕೇಳಿ ತಂದುಕೊಂಡು, ಸಾಯುವ ತನಕ ಅದರಲ್ಲೇ ಉಂಡಳು, ಅದೂ ಅಪ್ಪನ ಎದುರಿಗೇ ಕೂತು.

ನಮಗೆ ಸಿಕ್ಕಿದ್ದಕ್ಕೆ ಬೆಲೆ ತೆತ್ತವಳು ಅಕ್ಕ. ಮರುದಿನವೇ ಓಣಿಯ ನಾಲ್ಕು ಜನ ಅವಳ ಬಾಗಿಲಿಗೆ ಬಂದು, ಮರ್ಯಾದಸ್ಥರ ಮಾನ ಕಳೆದೆ, ಕಲೆಯ ಹೆಸರಿನಲ್ಲಿ ಹೊಲಸು ಮಾಡಿದೆ ಎಂದು ಕೂಗಾಡಿದರು. "ಕಲಾ ಅಲ್ರಿ, ತಾಟ," ಎಂದಳು ಅಕ್ಕ. "ನಾ ಒಂದಕ್ಷರ ನನ್ನ ತಲ್ಯಾಗಿಂದು ಬರದಿಲ್ಲ. ನಿಮ್ಮ ಮನ್ಯಾಗ ಕೇಳ್ರಿ, ಬರದಿದ್ದು ಸುಳ್ಳಂತ ಒಬ್ಬಾಕಿ ಹೇಳಿದ್ರ ಇವತ್ತ ಎಲ್ಲಾ ತಾಟ ಕರಗಿಸ್ತೀನಿ." ಯಾವ ಮನೆಯಿಂದಲೂ ಯಾರೂ ಬರಲಿಲ್ಲ. ಅಂಗಡಿಯ ಮಾಲೀಕರು ಕೆಲಸ ಕೊಡುವುದನ್ನು ಬಿಟ್ಟರು. ಅಣ್ಣ ಒಂದು ತಿಂಗಳು ನೋಡಿ, ಬೇರೆ ಕಡೆ ನೋಡಿಕೋ ಎಂದ.

ಅವಳು ನೋಡಿಕೊಂಡಳು. ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪತ್ರಾಸ್ ತಗಡಿನ ಶೆಡ್ಡು ಹಿಡಿದು ಖಾನಾವಳಿ ಹಾಕಿದಳು. ತಾಟು ಅವೇ! ಹೊಸ ಹೊಸ ಮಾತು ಕೊರೆದು ಅವು ಐವತ್ತರ ಹತ್ತಿರ ಆಗಿದ್ದವು. ಡ್ರೈವರುಗಳು, ಸಂತೆಗೆ ಬಂದವರು, ಕಚೇರಿಯ ಗುಮಾಸ್ತರು ದಿನವೂ ಉಂಡು ದಿನವೂ ಓದಬೇಕಾಗಿತ್ತು. ಕೆಲವರು ತಾಟು ಎಸೆದು ಹೋದರು, ಕೆಲವರು ತಾಟಿನ ಮೇಲೆ ಬಾಳೆ ಎಲೆ ಹಾಸು ಎಂದು ಜಗಳ ತೆಗೆದರು. ಡಿಗ್ರಿ ಮುಗಿಸಿ ನಾನು ನೋಡಲು ಹೋದ ದಿನ ಒಬ್ಬ ಲಾರಿ ಡ್ರೈವರು, "ಅಕ್ಕಾರ, ಬ್ಯಾರೆ ತಾಟ ಕೊಡ್ರಿ. ಇದರಾಗ ಉಂಡ್ರ ನನ್ನ ತಂಗಿ ನೆನಪಾಗ್ತಾಳ," ಎಂದ. ಅಕ್ಕ ಅದೇ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಹಂಗಾರ ಸಂಜಿಕ ಆಕಿಗೆ ಫೋನ್ ಹಚ್ಚು," ಎಂದಳು.

ಅವತ್ತು ಅವಳು ನಗುತ್ತ ನನಗೆ ಹೇಳಿದ್ದು ಇದು. "ಇಷ್ಟ ತಾಟ ಕೊರದೀನಿ. ಆದ್ರ ಎಲ್ಲಾದ್ಕಿಂತ ಚಲೋ ಮಾತು ನಿಮ್ಮವ್ವ ಅಂದಿದ್ದು, ಅದನ್ನ ನಾ ಕೊರೀಲಿಲ್ಲ ನೋಡು."

ಆಮೇಲೆ ನಾನು ಹೋದದ್ದು ಕಡಿಮೆ. ನೌಕರಿ, ಮನೆ, ಮಕ್ಕಳು... ಬಬಲೇಶ್ವರವೇನು ಸಮುದ್ರದಾಚೆ ಇದೆಯೇ? ಆದರೂ ಹೋಗಲಿಲ್ಲ. ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ನನಗೆ ತಿಂಗಳು ಕಳೆದ ಮೇಲೆ ಗೊತ್ತಾಯಿತು. ಓಡಿದೆ. ಶೆಡ್ಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ತಾಟುಗಳನ್ನು ಅವಳ ಅಣ್ಣನ ಮಕ್ಕಳು ಗುಜರಿಗೆ ಹಾಕಿದ್ದರು. ಐವತ್ತು ಹೆಂಗಸರ ಮಾತು ಯಾವ ಭಟ್ಟಿಯಲ್ಲಿ ಕರಗಿತೋ. ಖಾನಾವಳಿಯಲ್ಲಿ ಅವಳ ಜೊತೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಒಂದೇ ಒಂದು ತಾಟನ್ನು ಉಳಿಸಿಕೊಂಡಿದ್ದಳು. ಅದರಲ್ಲಿ ಏನೂ ಬರೆದಿರಲಿಲ್ಲ. "ಇದು ನಿಮ್ದಂತ್ರಿ. ಬಂದ್ರ ಕೊಡು ಅಂದಿದ್ರು," ಎಂದು ಸೆರಗಿನಿಂದ ಒರೆಸಿ ಕೊಟ್ಟಳು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಹೊಳೆಯಿತು. ಎಲ್ಲರನ್ನೂ ಕೇಳಿದವಳು ಅವಳು. ನಿನಗೇನು ಬರೆಯಲಿ ಎಂದು ಅವಳನ್ನು ಒಬ್ಬರೂ ಕೇಳಲಿಲ್ಲ. ಆ ಎರಡು ವರ್ಷದಲ್ಲಿ ಏನಾಗಿತ್ತೋ, ಟ್ರಂಕು ಯಾಕೆ ಹಿಡಿದು ಬಂದಳೋ... ಕಟ್ಟೆಯ ಮೇಲೆ ಅಷ್ಟು ಹೊತ್ತು ಕೂತು ಅತ್ತ ನಾನೂ ಕೇಳಲಿಲ್ಲ. ಈಗ ಕೇಳಲು ಅವಳಿಲ್ಲ. ಇದು ನನ್ನನ್ನು ಚುಚ್ಚುತ್ತದೆ, ಚುಚ್ಚಲಿ.

ತಾಟು ವರ್ಷದಿಂದ ಕಪಾಟಿನಲ್ಲಿ ಖಾಲಿಯೇ ಇತ್ತು. ಹಲ್ಲಿನ ಡಾಕ್ಟರ ಹತ್ತಿರದಿಂದ ಬಂದವಳು ಅರ್ಧ ಮರಗಟ್ಟಿದ ಬಾಯಿಯಲ್ಲೇ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಭಾಂಡೆ ಅಂಗಡಿಗಳಲ್ಲಿ ಈಗ ಹೆಸರು ಹಾಕುವವರಿಲ್ಲ. ಗೋಳಗುಮ್ಮಟದ ಮುಂದೆ ಪ್ರವಾಸಿಗರಿಗೆ ಕೀಚೈನಿನ ಮೇಲೆ ಹೆಸರು ಕೊರೆದುಕೊಡುವವನೊಬ್ಬ ಇದ್ದಾನೆ. ತಾಟು ನೋಡಿ, "ಯಾರ ಹೆಸರ ಹಾಕ್ಲಿ ಮೇಡಂ?" ಎಂದ. ಹೆಸರು ಬೇಡ ಎಂದು, ಚೀಟಿಯಲ್ಲಿ ಎರಡು ಪದ ಬರೆದು ಕೊಟ್ಟೆ. ಮಷೀನು ಗರ್ರ್ ಎಂದಿತು. ನಡುವೆ, ಆಳವಾಗಿ, ಒಂದೊಂದೇ ಅಕ್ಷರ ಎದ್ದು ಬಂತು.

ಅನ್ನ ಮುಗದೈತಿ.

ಅವನು ಪುಡಿ ಊದಿ, ಓದಿಕೊಂಡು ನಕ್ಕ. "ಖಾನಾವಳಿ ಐತೇನ್ರಿ ನಿಮ್ದು?"

"ಇತ್ತರಿ," ಎಂದೆ. "ಬಬಲೇಶ್ವರದಾಗ."