ಗಂಡು ನೊಣ ಬೇಕಾಗಿದೆ

ಎರಡು ತಿಂಗಳ ಹಿಂದೆ ಬಾದಾಮಿಯಲ್ಲಿ ನನ್ನ ಸೀರೆಯ ಮೇಲೆ ಜೇಡವೊಂದು ಸರಸರ ಓಡಿತು. ನಾನು ಕಿರುಚಲಿಲ್ಲ. ಕಾಲು ಎಣಿಸಿದೆ. ಜೇಡಕ್ಕೆ ಎಂಟಿರಬೇಕು. ಇದಕ್ಕೆ ಆರೇ!

(ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳ ಚಟ ಇದು. ರಜೆಯಲ್ಲೂ ಬಿಡುವುದಿಲ್ಲ.)

ಅವತ್ತು ನಾನು, ನಮ್ಮ ಮನೆಯವರು, ಅತ್ತೆ ಮಹಾಕೂಟಕ್ಕೆ ಹೋಗಿ, ಬುತ್ತಿ ಬಿಚ್ಚಿ ರೊಟ್ಟಿ ಉಂಡು, ಬಾದಾಮಿಗೆ ಬಂದಿದ್ದೆವು. ಗುಡ್ಡದ ಸಂದಿಯೊಂದರ ಬಾಯಲ್ಲಿ ಆಗಷ್ಟೇ ಸತ್ತ ಬಾವಲಿ ಬಿದ್ದಿತ್ತು. ಕರವಸ್ತ್ರದಲ್ಲಿ ಎತ್ತಿ ನೋಡುವಾಗ ಅದರ ತುಪ್ಪಳದಿಂದ ಈ ಜೀವಿ ಹೊರಬಿತ್ತು.

"ಝಾಡಸ ಅದನ್ನ, ಜ್ಯಾಡ ಐತಿ" ಎಂದರು ಇವರು.

"ಸುಮ್ಮನಿರ್ರಿ. ಚೀಲದಾಗಿನ ಬಾಟ್ಲಿ ಕೊಡ್ರಿ" ಎಂದೆ. ಸ್ಪಿರಿಟ್ ಬಾಟಲಿ ಇಟ್ಟುಕೊಂಡು ದೇವರಿಗೆ ಹೋಗುವ ಸೊಸೆ ಇಡೀ ಬಾಗಲಕೋಟೆಯಲ್ಲಿ ನಾನೊಬ್ಬಳೇ ಇರಬೇಕು.

ಸೋಮವಾರ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ರೆಕ್ಕೆ ಇಲ್ಲ. ತಲೆ ಬೆನ್ನ ಮೇಲೆ ಮಡಚಿಕೊಂಡಿದೆ. ಉಣ್ಣಿಯೇ? ಅದಕ್ಕೂ ಎಂಟು ಕಾಲು. ಹೇನೇ? ಹಾಗಾದರೆ ಎದೆಯ ಪಕ್ಕ ಗುಂಡು ತಲೆಯ ಎರಡು ಪುಟ್ಟ ಕಡ್ಡಿಗಳು ಯಾಕಿವೆ? ಹಿಂದಿನ ರೆಕ್ಕೆಯ ಬದಲು ಇಂಥ ಕಡ್ಡಿ ಇರುವುದು ನೊಣದ ಜಾತಿಗೆ!

ಹೌದು, ನೊಣ. ಬಾವಲಿಯ ಮೈಮೇಲೇ ಸಂಸಾರ ಹೂಡಿ, ಅದರ ರಕ್ತ ಕುಡಿದು, ರೆಕ್ಕೆಯ ಉಸಾಬರಿಯೇ ಬೇಡವೆಂದ ನೊಣ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಖುಷಿ ತಡೆಯಲಾರದೆ ಸ್ಟಾಫ್ ರೂಮಿಗೆಲ್ಲ ಚಹಾ ಕುಡಿಸಿದೆ. (ನಗುತ್ತಿದ್ದೀರಿ, ಗೊತ್ತು. ನಗಿರಿ.)

ನೊಣ ಎಂದೇನೋ ಗೊತ್ತಾಯಿತು. ಯಾವ ನೊಣ? ಅದು ನನ್ನ ಕೈಮೀರಿದ ಕೆಲಸ. ಕಲಕತ್ತೆಯ ತಜ್ಞರೊಬ್ಬರಿಗೆ ಪಾರ್ಸೆಲ್ ಮಾಡಿದೆ. ಉತ್ತರ ಬಂತು: ಇದು ಹೆಣ್ಣು, ಈ ಗುಂಪಿನ ಹೆಣ್ಣುಗಳನ್ನು ಬೇರೆಬೇರೆ ಗುರುತಿಸುವುದು ಕಷ್ಟ. ಗಂಡಿನ ಹೊಟ್ಟೆಯ ತುದಿಯ ಕೊಕ್ಕೆ ನೋಡಿದರೇ ಹೆಸರು ಖಚಿತ. ಗಂಡು ಕಳಿಸಿ.

"ಏನಂತ?" ಅತ್ತೆ ಕೇಳಿದರು.

"ಗಂಡು ಬೇಕಂತ್ರಿ ಅತ್ತಿ."

"ನೊಣಕ್ಕೂ? ಹಂಗಾರ ನಡಿ, ಹುಡುಕೂಣು."

ರವಿವಾರ ಮತ್ತೆ ಬಾದಾಮಿ ಬಸ್ಸು. ಅತ್ತೆ ಬ್ಯಾಟರಿ ಹಿಡಿದರು, ಇವರು ಮೂಗು ಹಿಡಿದರು, ನಾನು ಸೊಳ್ಳೆಪರದೆ ಹರಿದು ಹೊಲಿದ ಬಲೆ ಹಿಡಿದೆ. ಸಂಜೆ ಬಾವಲಿಗಳು ಹೊರಟಾಗ ಒಂದು ಸಿಕ್ಕಿತು. ದಪ್ಪ ಕೈಗವಸು ಹಾಕಿಕೊಂಡು ಮೆಲ್ಲಗೆ ಹಿಡಿದು ತುಪ್ಪಳ ಊದಿದೆ. ಎರಡು ನೊಣ! ಲೆನ್ಸ್ ಇಟ್ಟು ನೋಡಿದರೆ ಒಂದರ ತುದಿಯಲ್ಲಿ ಕೊಕ್ಕೆ. ಎರಡನ್ನೂ ಬಾಟಲಿಗೆ ಹಾಕಿದೆ.

"ಸಿಕ್ತರಿ ಅತ್ತಿ, ಗಂಡು ಸಿಕ್ತು!"

ಬಾವಲಿಯನ್ನು ಹಾರಿಬಿಟ್ಟು, ಕೊನೆಯ ಬಸ್ಸಿಗೆ ಓಡಿದೆವು.

ಹೋದ ವಾರ ಕಲಕತ್ತೆಯಿಂದ ಹೆಸರು ಬಂತು. ನಾಲಗೆ ಹೊರಳದ ಲ್ಯಾಟಿನ್ ಹೆಸರು. ಹೊಸ ಪ್ರಭೇದವಲ್ಲ, ಆದರೆ ನಮ್ಮ ಭಾಗದಿಂದ ಬಂದದ್ದನ್ನು ತಾವು ನೋಡಿದ್ದು ಇದೇ ಮೊದಲು ಎಂದು ಬರೆದಿದ್ದಾರೆ. ಇಷ್ಟು ಸಾಲದೇ? ಮನೆಯಲ್ಲಿ ಹೋಳಿಗೆ ಮಾಡಿದೆವು.

ತುಪ್ಪ ಹಾಕುತ್ತ ಅತ್ತೆ ಕೇಳಿದರು, "ಗಂಡು ಸಿಗದಿದ್ರ ಅಕಿಗೆ ಹೆಸರ ಇರ್ತಿದ್ದಿಲ್ಲೇನು?"

"ಇರ್ತಿತ್ರಿ. ಯಾವುದಂತ ನಮಗ ಗೊತ್ತಾಗ್ತಿದ್ದಿಲ್ಲ."

"ನನ್ನಂಗ ಆತು ಬಿಡು. ತವರಮನ್ಯಾಗ ನಾ ಗೌರವ್ವ ಇದ್ದೆ. ಲಗ್ನದಾಗ ಗಂಡನ ಮನಿಯವರು ಶಾಂತವ್ವ ಅಂತ ಇಟ್ರು. ಆಮ್ಯಾಲ ಗೌರವ್ವ ಅಂತ ಕರಿಯವರ ಯಾರೂ ಉಳೀಲಿಲ್ಲ."

ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. "ಅವ್ವಾ, ನನಗ ಒಂದಿನಾನೂ ಹೇಳಿಲ್ಲಲ್ಲ?"

"ನೀ ಯಾವಾಗ ಕೇಳೀದಿ?" ಎಂದು ಅತ್ತೆ ಇನ್ನೊಂದು ಹೋಳಿಗೆ ಬಡಿಸಿದರು.

ನೊಣದ ಹೆಸರು ಕೇಳಲು ನಮ್ಮ ಪಾರ್ಸೆಲ್ ಕಲಕತ್ತೆಯವರೆಗೆ ಹೋಯಿತು. ಅವ್ವನ ಹೆಸರು ಕೇಳಲು ನೀವು ಅಡಿಗೆಮನೆಯವರೆಗಾದರೂ ಹೋಗಿದ್ದೀರಾ?